ಕೆಳಗಿನ ಸಾಲು

ಹುಣಸೂರಿನಿಂದ ಎಚ್.ಡಿ. ಕೋಟೆ ಕಡೆಗೆ ಬಸ್ಸಿನಲ್ಲಿ ಬರುವ ಹೊಸಬರು ಕಿಟಕಿಯಾಚೆ ನೋಡಿ ಕೇಳಿಯೇ ಕೇಳುತ್ತಾರೆ: ಇದೇನು, ಮನೆಯೂ ಅಲ್ಲ, ಗುಡಿಯೂ ಅಲ್ಲ, ಇಷ್ಟೆತ್ತರ ಗೋಡೆ ಎಬ್ಬಿಸಿ ಒಂದು ಕಿಟಕಿಯನ್ನೂ ಇಟ್ಟಿಲ್ಲವಲ್ಲ ಎಂದು. ಅವು ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳು. ಹುಟ್ಟಿದಾಗಿನಿಂದ ನೋಡಿದ ನಮಗೆ ಅವು ಬೇಲಿ, ಬಾವಿ ಇದ್ದ ಹಾಗೆ. ಈಗ ಹೆಂಚು ಕಳಚಿ, ಗೋಡೆ ಸಂದಿಯಲ್ಲಿ ಅರಳಿ ಗಿಡ ಹುಟ್ಟಿ, ಒಂದೊಂದೇ ಕುಸಿಯುತ್ತಿರುವಾಗ ನಮ್ಮ ಕಣ್ಣಿಗೂ ಬೀಳುತ್ತಿವೆ.

ನನ್ನ ತವರಿನ ಬ್ಯಾರನ್ ತಾನಾಗಿ ಕುಸಿಯಲಿಲ್ಲ. ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಅಣ್ಣನೇ ಅದನ್ನು ಕೆಡವಿಸಿದ. ಅವನು ಹೊಗೆಸೊಪ್ಪು ಬಿಟ್ಟು ಶುಂಠಿ ಹಿಡಿದು ಎಷ್ಟೋ ಕಾಲವಾಯಿತು. ಶುಂಠಿ ತೊಳೆದು ರಾಶಿ ಹಾಕಲು ಜಾಗ ಬೇಕಿತ್ತು. ಫೋನು ಮಾಡಿ, "ಬ್ಯಾರನ್ ಕೆಡವ್ತಾ ಇವ್ನಿ ಕಣವ್ವ. ಆಮೇಲೆ ನಂಗೆ ಯೋಳ್ನಿಲ್ಲ ಅಂತ ಬಾಯಿ ಮಾಡ್ಬೇಡ, ನೋಡಂಗಿದ್ರೆ ಬಾ," ಅಂದ. ನನ್ನ ಬಾಯಿ ತವರಿನಲ್ಲೂ ಪ್ರಸಿದ್ಧ, ಕೊಟ್ಟ ಮನೆಯಲ್ಲೂ ಪ್ರಸಿದ್ಧ. ಹಾರನಹಳ್ಳಿಯಿಂದ ಬೆಳಗಿನ ಬಸ್ಸು ಹತ್ತಿ ಬಂದೆ.

ಆ ಬ್ಯಾರನ್ ಕಟ್ಟಿದವನು ನಮ್ಮಪ್ಪ. ಗಾರೆಯವನನ್ನು ಕರೆಸದೆ ತಾನೇ ಕಟ್ಟಿದ. ಊರೂರು ತಿರುಗಿ ಬೇರೆಯವರ ಬ್ಯಾರನ್ನಿನ ಗೋಡೆಯನ್ನು ಗೇಣು ಹಾಕಿ ಅಳೆದುಕೊಂಡು ಬಂದನಂತೆ. ಕೆರೆಯ ಗೋಡುಮಣ್ಣು ಹೊಡೆಸಿ, ಹುಲ್ಲು ಕೊಚ್ಚಿ ತುಳಿಸಿ, ಹಸಿ ಇಟ್ಟಿಗೆ ಕೊಯ್ದು ಒಣಗಿಸಿದ. ಗೋಡೆ ಮೊಳದಷ್ಟು ದಪ್ಪ, ಒಳಗಿನ ಶಾಖ ಹೊರಗೆ ಹೋಗಬಾರದು. ಒಲೆಯ ಬಾಯಿ ಮಾತ್ರ ಹೊರಗೆ. ಅಲ್ಲಿಂದ ಹೊರಟ ತಗಡಿನ ಪೈಪು ಒಳಗೆ ನೆಲದ ಮೇಲೆ ಒಂದು ಸುತ್ತು ಹಾಕಿ, ಹಿಂದಿನ ಗೋಡೆಯ ತೂತಿನಿಂದ ಆಚೆ ಹೋಗಿ ಚಿಮಣಿ ಸೇರುತ್ತದೆ. ಬೆಂಕಿ ಪೈಪಿನೊಳಗೇ ಇರಬೇಕು, ಸೊಪ್ಪಿಗೆ ಬರಿಯ ಬಿಸಿ ತಾಗಬೇಕು. ಪೈಪಿನ ಮೇಲೆ ಮಾಡಿನವರೆಗೂ ಸಾಲು ಸಾಲಾಗಿ ಗಳ ಹೂಡಿರುತ್ತಾರೆ, ಸೊಪ್ಪು ಕಟ್ಟಿದ ಕಡ್ಡಿಗಳನ್ನು ಇಳಿಬಿಡಲು. ಹಳೆ ಮನೆ ಬಿಚ್ಚಿದಾಗ ಉಳಿದಿದ್ದ ಹಲಸಿನ ತೊಲೆಗಳಲ್ಲಿ ಒಂದು ತುಂಡನ್ನೂ ದಂಡ ಮಾಡದೆ ಅಪ್ಪ ಆ ಕಟ್ಟಡಕ್ಕೆ ಸೇರಿಸಿದ್ದ. ಇದನ್ನು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ಅಂತರಸಂತೆ ಕಡೆಯಿಂದಲೂ ಜನ ಬಂದು ನೋಡಿಕೊಂಡು ಹೋಗುತ್ತಿದ್ದರು.

ನಾವು ಹೆಂಗಸರು ಬ್ಯಾರನ್ನಿನ ಒಳಗೆ ಹೋಗುವವರಲ್ಲ. ನಮ್ಮ ಜಾಗ ಅದರ ಮುಂದಿನ ಚಪ್ಪರ. ಹೊಲದಿಂದ ಮುರಿದು ತಂದ ಹಸಿ ಸೊಪ್ಪನ್ನು ಎರಡು ಮೂರು ಎಲೆ ಸೇರಿಸಿ ಹಿಡಿದು, ಸೆಣಬಿನ ದಾರ ಸುತ್ತಿ, ಕಡ್ಡಿಯ ಆ ಪಕ್ಕ ಒಂದು ಈ ಪಕ್ಕ ಒಂದು ಬರುವ ಹಾಗೆ ಕಟ್ಟಿಕೊಂಡು ಹೋಗಬೇಕು. ಇವತ್ತು ನಮ್ಮ ಮನೆಗೆ, ನಾಳೆ ಅವರ ಮನೆಗೆ, ಹೀಗೆ ಮುಯ್ಯಾಳಿನ ಕೆಲಸ. ಆಷಾಢ ಶ್ರಾವಣದಲ್ಲಿ ಕೈಗೆಲ್ಲ ಸೊಪ್ಪಿನ ಅಂಟು ಹತ್ತಿ ಕಪ್ಪಗಾಗುತ್ತಿತ್ತು, ಮುದ್ದೆ ಮುರಿದರೂ ಕಹಿ. ಊರಿನ ಸುದ್ದಿಯೆಲ್ಲ ಆ ಚಪ್ಪರದಡಿಯೇ ಹುಟ್ಟಿ ಅಲ್ಲಿಯೇ ಬೇಯುತ್ತಿತ್ತು. ಯಾರ ಮಗಳಿಗೆ ಗಂಡು ಬಂತು, ಯಾರ ಸೊಸೆ ತವರಿಗೆ ಹೋದವಳು ಬರಲಿಲ್ಲ, ಎಲ್ಲವೂ.

ಆ ಚಪ್ಪರಕ್ಕೆ ನಮ್ಮತ್ತೆಯೇ ಯಜಮಾನಿ. ಅತ್ತೆ ಅಂದರೆ ಅಪ್ಪನ ತಂಗಿ. ಮದುವೆಯಾದ ಹೊಸದರಲ್ಲೇ ಗಂಡ ಸತ್ತು, ಮಕ್ಕಳಿಲ್ಲದೆ, ನಾನು ಹುಟ್ಟುವ ಮುಂಚೆಯೇ ತವರಿಗೆ ವಾಪಸ್ಸು ಬಂದವಳು. ನಮ್ಮವ್ವ ಕಾಯಿಲೆಯವಳು, ಹಾಗಾಗಿ ನನ್ನನ್ನು ಎತ್ತಿ ಆಡಿಸಿದವಳು ಅತ್ತೆಯೇ. ಅಣ್ಣನ ಮನೆಯಲ್ಲಿ ಉಣ್ಣುವ ಹೆಂಗಸಿಗೆ ಊರಲ್ಲಿ ಎಷ್ಟು ಬೆಲೆ ಇರುತ್ತದೆಂದು ಯಾರಾದರೂ ಬಲ್ಲರು. ಅತ್ತೆಗೆ ಮಾತ್ರ ಬೇರೆಯೇ ಬೆಲೆಯಿತ್ತು, ಅದಕ್ಕೆ ಕಾರಣ ಅವಳ ಗಂಟು. ಅವಳು ಕಟ್ಟಿದ ಕಡ್ಡಿಯನ್ನು ತಲೆಕೆಳಗು ಮಾಡಿ ಕೊಡವಿದರೂ ಒಂದೆಲೆ ಜಾರುತ್ತಿರಲಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಬ್ಯಾರನ್ನಿನಲ್ಲಿ ಎಲ್ಲಕ್ಕಿಂತ ಕೆಳಗಿನ ಸಾಲು ಪೈಪಿಗೆ ಹತ್ತಿರ. ಸೊಪ್ಪು ಬೆಂದು ಗರಿಗರಿಯಾಗುತ್ತ ಬಂದಾಗ ಅಲ್ಲಿಂದ ಒಂದೆಲೆ ಉದುರಿ ಕಾದ ಪೈಪಿನ ಮೇಲೆ ಬಿದ್ದರೆ ಸಾಕು, ಇಡೀ ಬ್ಯಾರನ್ ಹತ್ತಿಕೊಳ್ಳುತ್ತದೆ. ಮೇಲಿನ ಸಾಲಿನಿಂದ ಉದುರಿದ್ದು ಕೆಳಗಿನ ಸೊಪ್ಪಿನ ಮೇಲೆ ತಂಗುತ್ತದೆ, ಕೆಳಗಿನದಕ್ಕೆ ತಂಗಲು ಜಾಗವಿಲ್ಲ. ಅದಕ್ಕೇ ಕೆಳಗಿನ ಸಾಲಿಗೆ ಯಾರ ಕಡ್ಡಿ ಅಂದರೆ ಅವರ ಕಡ್ಡಿ ಹಾಕುವುದಿಲ್ಲ. ಚಪ್ಪರದಲ್ಲಿ ಯಾರ ಕೈ ಬಿಗಿಯೋ ಅವಳ ಕಡ್ಡಿಗಳನ್ನು ಬೇರೆ ಇಟ್ಟಿರುತ್ತಾರೆ, ಕೊನೆಗೆ ಅವನ್ನು ಕೆಳಗೆ ಹಾಕುತ್ತಾರೆ. ನಮ್ಮ ಮನೆಯಲ್ಲಿ ಅಷ್ಟೇ ಅಲ್ಲ, ಮುಯ್ಯಿಗೆ ಹೋದ ಯಾವ ಮನೆಯಲ್ಲೂ ಕೆಳಗಿನ ಸಾಲು ಅತ್ತೆಯದೇ. ಗಂಡಸರು ಒಳಗಿನಿಂದ "ಕೆಳಗಿನ ಸಾಲು ಕೊಡ್ರವ್ವ" ಎಂದು ಕೂಗಿದರೆ ಮಾತಾಡುತ್ತಿದ್ದ ಹೆಂಗಸರು ಮಾತು ನಿಲ್ಲಿಸಿ ಅತ್ತೆಯ ಕಡ್ಡಿಗಳಿಗೆ ದಾರಿ ಬಿಡುತ್ತಿದ್ದರು. ಅತ್ತೆ ಆಗ ತಲೆ ಎತ್ತುತ್ತಿರಲಿಲ್ಲ, ಆದರೆ ಕೈ ಒಂದಿಷ್ಟು ಜೋರಾಗಿ ಓಡುತ್ತಿತ್ತು. ಕುಂಕುಮ ಕೊಡುವಾಗ ಅವಳನ್ನು ದಾಟಿ ಹೋಗುತ್ತಿದ್ದ ಊರು ಅದು. ಕಡ್ಡಿ ಕೊಡುವಾಗ ದಾಟಿ ಹೋಗುವಂತಿರಲಿಲ್ಲ.

ನಾನು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಡುಮ್ಕಿ ಹೊಡೆದು ಮನೆಯಲ್ಲಿ ಕೂತಿದ್ದ ವರ್ಷ ನಮ್ಮ ಬ್ಯಾರನ್ ಹತ್ತಿ ಉರಿಯಿತು. ನಡು ಮಧ್ಯಾಹ್ನ. ಸೊಪ್ಪಿನ ಬಣ್ಣ ಕೂತು ದಂಟು ಒಣಗುವ ಹಂತ, ಒಲೆಗೆ ಎಲ್ಲಕ್ಕಿಂತ ಹೆಚ್ಚು ಸೌದೆ ಹಾಕುವ ಹೊತ್ತು. ನಾವೆಲ್ಲ ಉಣ್ಣಲು ಕೂತಿದ್ದೆವು. ಹೆಂಚು ಪಟಪಟನೆ ಸಿಡಿಯುವ ಸದ್ದಿಗೆ ಅಪ್ಪ ತಟ್ಟೆ ತಳ್ಳಿ ಓಡಿದ. ಹಿಂದೆ ಓಡಿದ ನಮಗೆ ಕಂಡದ್ದು ಹಿಂದಿನ ಗೋಡೆಯ ನೆತ್ತಿಯಿಂದ ಏಳುತ್ತಿದ್ದ ಹೊಗೆ. ಆಮೇಲೆ ಮಾಡಿನ ಮರಗಳು ಹಿಡಿದುಕೊಂಡವು. ಬಿಂದಿಗೆ ನೀರಿಗೆ ಅದು ಬಗ್ಗಲಿಲ್ಲ. ಸಂಜೆಯ ಹೊತ್ತಿಗೆ ನಾಲ್ಕು ಕಪ್ಪು ಗೋಡೆ ಉಳಿದಿದ್ದವು, ನಡುವೆ ಬೂದಿ. ಅಪ್ಪ ಬಾವಿಕಟ್ಟೆಯ ಮೇಲೆ ಕೂತು ಅತ್ತ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಊರೆಲ್ಲ ಸೇರಿತ್ತು. ಪೈಪಿನ ಸಂದು ಬಿಟ್ಟಿತ್ತೇನೋ ಎಂದರು ಯಾರೋ. ಅಪ್ಪ ಕಟ್ಟಿದ ಬ್ಯಾರನ್ನಿನಲ್ಲಿ ಪೈಪಿನ ಸಂದು ಬಿಡುವುದುಂಟೇ ಎಂದು ಇನ್ನೊಬ್ಬರು ಅವರ ಬಾಯಿ ಮುಚ್ಚಿಸಿದರು. ಅಷ್ಟರಲ್ಲಿ ಮುಯ್ಯಾಳಿನ ಹೆಂಗಸರ ಗುಂಪಿನಿಂದ ಒಂದು ದನಿ ಬಂತು: "ಕೆಳಗಿನ ಸಾಲು ಯಾರ್ದು?" ಕೇಳಿದವಳಿಗೂ ಗೊತ್ತಿತ್ತು, ಕೇಳಿಸಿಕೊಂಡವರಿಗೂ ಗೊತ್ತಿತ್ತು. ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅತ್ತೆ ಅಪ್ಪನ ಕಡೆ ನೋಡಿದಳು. ಅಪ್ಪ ನೆಲ ನೋಡುತ್ತಿದ್ದ.

ಯಾರೂ ಬಯ್ಯಲಿಲ್ಲ. ನಮ್ಮ ಕಡೆ ಇಂಥದ್ದಕ್ಕೆ ಬೈಗುಳ ಬೇಕಿಲ್ಲ. ಹೊಲದಲ್ಲಿ ಎರಡನೇ ಸಲದ ಸೊಪ್ಪು ಮಾಗುತ್ತಿದ್ದುದರಿಂದ ಅಪ್ಪ ಕೈಕಟ್ಟಿ ಕೂರುವಂತಿರಲಿಲ್ಲ. ಗೋಡೆ ಗಟ್ಟಿಯಿದ್ದವು, ಮಾಡು ಹೊಸದಾಗಿ ಹೊದಿಸಿ, ಸೀಳಿದ ಕಡೆ ಮಣ್ಣು ಮೆತ್ತಿ, ಸುಣ್ಣ ಬಳಿದು ಬೇಗ ಎಬ್ಬಿಸಿದ. ಮಾಡಿಗಷ್ಟೇ ಆಳು ಕರೆದ. ಗೋಡೆಯ ಕೆಲಸಕ್ಕೆ ಹೊರಗಿನ ಯಾರನ್ನೂ ಹತ್ತಿರ ಸೇರಿಸಲಿಲ್ಲ. ನಾನೂ ಅಣ್ಣನೂ ಹೊಲದಲ್ಲಿದ್ದೆವು. ಮತ್ತೆ ಚಪ್ಪರದಡಿ ಹೆಂಗಸರು ಕೂತರು, ಅತ್ತೆಯೂ ಕೂತಳು. ಕಡ್ಡಿ ತುಂಬುವ ದಿನ ಒಳಗಿನಿಂದ ಕೆಳಗಿನ ಸಾಲಿಗೆ ಕೂಗು ಬರುವ ಮೊದಲೇ ಅತ್ತೆಯ ಕಡ್ಡಿಗಳನ್ನು ಎತ್ತಿ ಮೇಲಿನ ಸಾಲಿಗೆ ಕೊಟ್ಟುಬಿಟ್ಟರು. ಕೆಳಗಿನ ಸಾಲಿಗೆ ಬೇರೆ ಹೆಂಗಸಿನ ಕಡ್ಡಿ ಹೋಯಿತು. ಅಷ್ಟೇ ನಡೆದದ್ದು. ಅತ್ತೆ ದಾರದ ಉಂಡೆಯನ್ನು ಮಡಿಲಿನಿಂದ ಕೆಳಗಿಟ್ಟು, ಕೊಟ್ಟಿಗೆ ಬಾಚುವುದಿದೆ ಎಂದು ಎದ್ದು ಹೋದಳು.

ಆಮೇಲೆ ಬೇರೆ ಮನೆಯವರು ಮುಯ್ಯಿಗೆ ಕರೆಯಲು ಬಂದಾಗ ಕಾಯಿಲೆಯ ನಮ್ಮವ್ವನನ್ನು ಕರೆದರು, ನನ್ನನ್ನು ಕರೆದರು. ಅತ್ತೆಗೆ "ಆರಾಮಿದ್ದೀಯಾ" ಎಂದು ಕೇಳಿ ಹೋದರು. ಎಂಥ ನಾಜೂಕಿನ ಜನ! ನನಗೆ ಈಗಲೂ ಮೈ ಉರಿಯುತ್ತದೆ. ಅತ್ತೆ ಅಡುಗೆ, ಕೊಟ್ಟಿಗೆ ಎರಡರಲ್ಲೇ ಉಳಿದಳು. ಚಪ್ಪರದ ಕಡೆಯಿಂದ ನಗು ಕೇಳಿದರೆ ಮುದ್ದೆ ತಿರುವುವ ಹಿಟ್ಟಿನ ಕೋಲು ಹಿಡಿದ ಕೈ ಒಂದು ಗಳಿಗೆ ನಿಲ್ಲುತ್ತಿತ್ತು.

ಅವಳಲ್ಲಿ ಒಂದು ಅಭ್ಯಾಸ ಮಾತ್ರ ಹೊಸದಾಗಿ ಸೇರಿಕೊಂಡಿತು. ಏನು ಕಟ್ಟಿದರೂ ಎರಡು ಗಂಟು. ರಾಗಿ ಮೂಟೆಯ ಬಾಯಿಗೆ ಎರಡು, ಕರುವಿನ ಹಗ್ಗಕ್ಕೆ ಎರಡು, ನಾನು ಗಂಡನ ಮನೆಗೆ ಹೊರಟಾಗ ಕಟ್ಟಿಕೊಟ್ಟ ಬುತ್ತಿಗೂ ಎರಡು. ಬಿಚ್ಚಲು ಹಲ್ಲು ಹಾಕಬೇಕಿತ್ತು. "ಅತ್ತೆ ಕಟ್ಟಿದ್ದು ಬಿಚ್ಚೋಕೆ ಕುಡುಗೋಲು ತತ್ತಾ," ಎಂದು ನಾವು ಮಕ್ಕಳೆಲ್ಲ ತಮಾಷೆ ಮಾಡುತ್ತಿದ್ದೆವು. ಅವಳೂ ನಗುತ್ತಿದ್ದಳು.

ಅಪ್ಪ ಹೋದ ಮೇಲೆ ಅಣ್ಣ ಕೆಲವು ಬೆಳೆ ಸೊಪ್ಪು ಹಾಕಿದ. ಸೌದೆಗೆ ತಿರುಗಿ ತಿರುಗಿ ಸಾಕಾಗಿ ಹೊಗೆಸೊಪ್ಪಿನ ಲೈಸೆನ್ಸು ಬಿಟ್ಟುಕೊಟ್ಟ. ಎನ್. ಬೇಗೂರಿನ ಕಡೆ ಕೇರಳದವರು ಶುಂಠಿ ಮಾಡುವುದನ್ನು ನೋಡಿ ಬಂದು ಅದನ್ನೇ ಹಿಡಿದ. ಬ್ಯಾರನ್ನಿನೊಳಗೆ ಮುರುಕಲು ಸ್ಪ್ರಿಂಕ್ಲರ್ ಪೈಪು, ಕೋಳಿ ಪಂಜರ ಸೇರಿದವು.

ನಾನು ತವರಿಗೆ ಬರುವಷ್ಟರಲ್ಲಿ ಹೆಂಚು ಇಳಿಸಿಯಾಗಿತ್ತು. ಜೆಸಿಬಿ ಮೂರು ಗೋಡೆ ಕೆಡವಿತ್ತು. ಮೊಳದಪ್ಪದ ಗೋಡೆ, ಬಕೆಟ್ಟಿನ ಹಲ್ಲು ತಾಗಿದರೆ ಬೆಲ್ಲದಚ್ಚಿನಂತೆ ಒಡೆಯುತ್ತಿತ್ತು. ಹಿಂದಿನ ಗೋಡೆಯ ಮೇಲರ್ಧ ಉರುಳಿ, ಕೆಳಗಿನ ಭಾಗ ಇನ್ನೂ ನಿಂತಿತ್ತು. ಡ್ರೈವರ್ ಬೀಡಿ ಸೇದಲು ಇಳಿದ. ಅಪ್ಪನ ಕೈ ಕೆಲಸವನ್ನು ಕೊನೆಯ ಸಲ ಮುಟ್ಟಿ ಬರೋಣ ಎಂದು ನಾನು ಇಟ್ಟಿಗೆ ರಾಶಿ ಹತ್ತಿ ಆ ಗೋಡೆಯ ಹತ್ತಿರ ಹೋದೆ.

ಪೈಪು ಆಚೆ ಹೋಗುವ ತೂತಿನ ಮೇಲೆ ಒಂದು ಚಪ್ಪಡಿ ಕಲ್ಲು ಅಡ್ಡ ಕೂತಿತ್ತು. ಸುತ್ತಲಿನ ಮಣ್ಣು ಕೆಂಪು, ಗೋಡೆಯ ಮಣ್ಣು ಕೆರೆಯ ಕಪ್ಪು ಗೋಡು. ಅಂದರೆ ಕಲ್ಲು ಆಮೇಲೆ ಕೂರಿಸಿದ್ದು. ಕಲ್ಲಿನ ಎಡಕ್ಕೂ ಬಲಕ್ಕೂ ಗೋಡೆಯ ಹೊಟ್ಟೆಯಲ್ಲಿ ಹಲಸಿನ ತೊಲೆಯ ತುಂಡುಗಳು ಸಿಕ್ಕಿಕೊಂಡಿದ್ದವು. ಒಂದೇ ತೊಲೆ, ನಡು ಭಾಗವನ್ನು ಗರಗಸದಲ್ಲಿ ಕೊಯ್ದು ತೆಗೆದಿದ್ದರು. ಉಳಿದ ತುಂಡುಗಳು ಕೆಳಮೈಯಿಂದ ಸುಟ್ಟು ಇದ್ದಿಲಾಗಿದ್ದವು. ಅಲ್ಲಿಂದ ಗೋಡೆಯ ಸೀಳಿನೊಳಗೇ ಕಪ್ಪು ಗೆರೆಯೊಂದು ಮಾಡಿನ ಕಡೆಗೆ ಹತ್ತಿ ಹೋಗಿತ್ತು. ಒಳಮೈಯ ಸುಣ್ಣದ ಗಾರೆ ಅದನ್ನೆಲ್ಲ ಇಷ್ಟು ಕಾಲ ಮುಚ್ಚಿತ್ತು.

ನನಗೆ ಗಣಿತ ಬರುವುದಿಲ್ಲ, ಆದರೆ ಇಷ್ಟು ಲೆಕ್ಕ ಬಂತು. ಕೆಂಪಗೆ ಕಾಯುವ ಪೈಪಿನ ಮೇಲೆ ಅಪ್ಪ ಮರದ ತೊಲೆ ಇಟ್ಟಿದ್ದ. ಒಂದು ತುಂಡೂ ದಂಡ ಮಾಡದೆ ಕಟ್ಟಿದೆ ಎನ್ನುತ್ತಿದ್ದನಲ್ಲ, ಅದೇ ತೊಲೆ. ಅದು ಗೋಡೆಯೊಳಗೆ ಬೆಳೆಯಿಂದ ಬೆಳೆಗೆ ಕಮರುತ್ತ ಬಂದು ಒಂದು ಮಧ್ಯಾಹ್ನ ಮಾಡಿಗೆ ಬೆಂಕಿ ಕೊಟ್ಟಿತ್ತು. ನಾವು ಓಡಿ ಬಂದಾಗ ಹೊಗೆ ಕಂಡದ್ದೂ ಹಿಂದಿನ ಗೋಡೆಯ ನೆತ್ತಿಯಲ್ಲೇ. ಯಾವ ಎಲೆಯೂ ಉದುರಿರಲಿಲ್ಲ.

ಮತ್ತೆ ಕಟ್ಟುವಾಗ ಅಪ್ಪ ಅದನ್ನು ನೋಡಿದ್ದಾನೆ. ನೋಡಿ, ಕೊಯ್ದು, ಕಲ್ಲು ಇಟ್ಟು, ಸುಣ್ಣ ಬಳಿದಿದ್ದಾನೆ. ಆಗ ನೆನಪಾಯಿತು. ಆ ಬೆಂಕಿಯ ನಂತರ ಯಾರೇ ಬ್ಯಾರನ್ ಕಟ್ಟುವುದನ್ನು ಕೇಳಲು ಬಂದರೂ ಅಪ್ಪ ತಪ್ಪದೆ ಒಂದು ಮಾತು ಹೇಳುತ್ತಿದ್ದ: "ಪೈಪಿನ ತೂತಿನ ಮ್ಯಾಲೆ ಮರ ಮಡಗ್ಬೇಡಿ ಕಣ್ರಪ್ಪ, ಕಲ್ಲೇ ಮಡಗಿ." ಎಷ್ಟು ಬ್ಯಾರನ್ನುಗಳು ಆ ಮಾತಿನಿಂದ ಉಳಿದವೋ. ಬಂದವರು ಇವನಷ್ಟು ತಿಳಿದವನಿಲ್ಲ ಎಂದು ಹೊಗಳಿಕೊಂಡು ಹೋಗುತ್ತಿದ್ದರು. ಆ ಬುದ್ಧಿ ಎಲ್ಲಿಂದ ಬಂತೆಂದು ಯಾರಿಗೂ ಹೇಳಲಿಲ್ಲ. ಆ ಹೊತ್ತಿನಲ್ಲಿ ಅತ್ತೆ ಅವರಿಗೆ ಕಾಫಿ ಕಾಯಿಸುತ್ತಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇಲ್ಲಿ ಎತ್ತಿಗೂ ಗೊತ್ತಿತ್ತು ಜ್ವರ ತನಗೇ ಎಂದು.

ಅಣ್ಣನನ್ನು ಕೂಗಿ ತೋರಿಸಿದೆ. ಅವನು ತೊಲೆಯನ್ನು ಉಗುರಿನಲ್ಲಿ ಕೆರೆದು ನೋಡಿ, ಕೈಗೆ ಹತ್ತಿದ ಮಸಿಯನ್ನು ಪಂಚೆಗೆ ಒರೆಸಿಕೊಂಡ.

"ಅಪ್ಪಂಗೆ ಗೊತ್ತಿತ್ತು ಕಣಣ್ಣ," ಅಂದೆ.

"ಇರ್ಬೋದು. ಈಗ ಏನ್ ಮಾಡಾದು?"

"ಏನ್ ಮಾಡಾದಾ? ಅವತ್ತು ಕೆಳಗಿನ ಸಾಲು ಯಾರ್ದು ಅಂದೋರು ಇನ್ನೂ ಬದುಕವ್ರೆ. ಮುಯ್ಯಿ ಹೆಂಗಸರು ಯಾರ್ಯಾರು ಅವ್ರೆ ಎಲ್ರುನೂ ಕರ್ಕೊಂಡ್ ಬತ್ತೀನಿ. ಬಂದು ನೋಡ್ಲಿ. ಅಲ್ಲಿವರ್ಗೂ ಈ ಗೋಡೆ ಮುಟ್ಬೇಡ."

"ಸತ್ತೋರ ಮರ್ವಾದೆ ಯಾಕವ್ವ ಬೀದಿಗ್ ಎಳೀತೀಯೆ?" ಅಂದ ಅಣ್ಣ.

"ಬದುಕಿರೋಳ್ದು ಬೀದಿಲಿ ಬಿದ್ದು ಎಷ್ಟ್ ಕಾಲ ಆಯ್ತು!" ನನ್ನ ದನಿ ರಸ್ತೆಯವರೆಗೂ ಹೋಗಿರಬೇಕು. ಡ್ರೈವರ್ ಬೀಡಿ ಎಸೆದು ನಮ್ಮನ್ನೇ ನೋಡುತ್ತಿದ್ದ.

ಅತ್ತೆ ಡ್ರೈವರಿಗೆ ಮಜ್ಜಿಗೆ ತಂದಳು. ಈಗ ಬೆನ್ನು ಬಾಗಿದೆ, ಕಣ್ಣು ಚೆನ್ನಾಗಿದೆ. ಚೊಂಬು ಅವನ ಕೈಗೆ ಕೊಟ್ಟು, ನಮ್ಮ ಜಗಳ ಏನೆಂದು ಹತ್ತಿರ ಬಂದಳು. ನಾನು ಅವಳ ಕೈ ಹಿಡಿದು ಇಟ್ಟಿಗೆ ರಾಶಿ ಹತ್ತಿಸಿದೆ. "ನೋಡತ್ತೆ, ಬೆಂಕಿ ಎಲ್ಲಿಂದ ಹತ್ತಿದ್ದು ನೋಡು. ನಿನ್ನ ಗಂಟು ಬಿಟ್ಟಿರ್ಲಿಲ್ಲ," ಎನ್ನುವಾಗ ನನಗೆ ಅಳು ಬಂದಿತ್ತು. ಇಷ್ಟು ಕಾಲದ ಭಾರವನ್ನು ನಾನು ಇಳಿಸುತ್ತಿದ್ದೇನೆ, ಅವಳೂ ಅಳುತ್ತಾಳೆ, ಎಂದುಕೊಂಡಿದ್ದೆ.

ಅತ್ತೆ ಕಲ್ಲನ್ನು ನೋಡಿದಳು. ಹಳೆ ಪರಿಚಯದವರನ್ನು ಸಂತೆಯಲ್ಲಿ ಕಂಡ ಹಾಗೆ ನೋಡಿದಳು.

"ಆ ಕಲ್ಲು ಕೊಟ್ಟಿಗೆ ಮುಂದೆ ಇತ್ತು ಕಣವ್ವ, ನಾನು ಬಟ್ಟೆ ಒಗೀತಿದ್ದದ್ದು," ಅಂದಳು. "ನಾನೂ ನಿಮ್ಮಪ್ಪನೂ ಸೇರಿ ಎತ್ತಿ ಮಡಗುದ್ದು."

ಅಣ್ಣ ತಲೆ ತಗ್ಗಿಸಿದ.

"ಎಲ್ರುನೂ ಕರ್ದು ತೋರುಸ್ತೀನಿ ಅತ್ತೆ," ಅಂದೆ. "ನೀನು ಹೂಂ ಅನ್ನು ಸಾಕು."

"ಏನಂತ ಕರೀತೀಯೆ? ಸತ್ತೋನ್ನ ಎಬ್ಸಿ ಊರ್ ಮುಂದೆ ನಿಲ್ಸಿದ್ರೆ ನಂಗೇನ್ ಬತ್ತದೆ? ಯಾವ ಮನೇಲವ್ವ ಈಗ ಚಪ್ಪರ ಅದೆ, ನನ್ನ ಮುಯ್ಯಿಗೆ ಕರಿಯಕ್ಕೆ?" ಹೀಗೆಂದು ಅವಳು ರಾಶಿಯಿಂದ ಇಳಿದು ಡ್ರೈವರ್ ಕಡೆ ತಿರುಗಿದಳು. "ಕುಡ್ದಾಯ್ತೇನಪ್ಪ? ಕೆಡವು, ಬಿಸ್ಲು ಏರ್ತದೆ."

ಅವನು ಅಣ್ಣನನ್ನು ನೋಡಿದ. ಅಣ್ಣ ಆಗಲಿ ಎಂದು ಕೈ ಆಡಿಸಿದ. ಗೋಡೆ ಒಂದೇ ಏಟಿಗೆ ಹೋಯಿತು. ದೂಳು ಇಳಿದ ಮೇಲೆ ಅತ್ತೆ ಹೋಗಿ ಇಟ್ಟಿಗೆಗಳ ನಡುವಿನಿಂದ ತೊಲೆಯ ತುಂಡುಗಳನ್ನು ಎಳೆದುಕೊಂಡಳು. ಅಲ್ಲಿ ಇಲ್ಲಿ ಬಿದ್ದಿದ್ದ ಗಳದ ಚೂರುಗಳನ್ನೂ ಸೇರಿಸಿ ಹೊರೆ ಮಾಡಿ, ಹಗ್ಗ ಸುತ್ತಿ, ಎರಡು ಗಂಟು ಹಾಕಿದಳು.

ಸಂಜೆ ನೀರೊಲೆಗೆ ಅದನ್ನೇ ಹಾಕಿದಳು. ನಾನು ಬಚ್ಚಲ ಮನೆಯ ಹೊಸ್ತಿಲ ಮೇಲೆ ಕೂತಿದ್ದೆ. ಹಲಸಿನ ಮರ, ಚೆನ್ನಾಗಿ ಉರಿಯಿತು. ಅಪ್ಪನ ಮೇಲೆ ನನಗೆ ಬಂದಿದ್ದ ಸಿಟ್ಟು ಹಾಗೇ ಇತ್ತು, ಇಂದಿಗೂ ಇದೆ. ಅಣ್ಣಂದಿರ ಮನೆಯಲ್ಲಿ ಬದುಕಿದ ಹೆಂಗಸರೆಲ್ಲ ಹೀಗೆ ಎಷ್ಟು ಗೋಡೆಗಳನ್ನು ಮೆತ್ತಿದ್ದಾರೋ.

"ಕಲ್ಲು ಮಡಗುವಾಗ ನೀನು ಏನೂ ಕೇಳ್ನಿಲ್ವಾ ಅತ್ತೆ?" ಅಂದೆ.

ಅವಳು ಒಲೆಯ ಬಾಯಿಗೆ ಸೌದೆ ಒಳಕ್ಕೆ ತಳ್ಳುತ್ತ ಹೇಳಿದಳು: "ಸುಟ್ಟಿದ್ದ ತೊಲೆ ಇಬ್ರುಗೂ ಕಾಣ್ತಿತ್ತು. ನಾನು ಮಣ್ಣು ಕಲಸ್ತಿದ್ದೆ. ಈಗ ಒಂದ್ ಮಾತ್ ಆಡ್ತಾನೆ, ಈಗ ಆಡ್ತಾನೆ ಅಂತ ಅವ್ನ ಮಕ ನೋಡ್ತಿದ್ದೆ. ಊರ್ಗ್ ಯೋಳೋದು ಬ್ಯಾಡ ಕಣವ್ವ, ನಂಗೆ ಯೋಳುದ್ರೆ ಸಾಕಿತ್ತು. ಬಾಳ ಹೊತ್ತಾದ್ ಮ್ಯಾಲೆ ಬಾಯ್ ಬುಟ್ಟ."

"ಏನಂದ?"

"ಮಣ್ಣು ಗಟ್ಟಿ ಆಯ್ತು, ವಸಿ ನೀರ್ ಬುಡು ಅಂದ."

ಹಂಡೆಯೊಳಗೆ ನೀರು ಮರಳುತ್ತಿತ್ತು. ನಾನು ಕೇಳಬಾರದಿತ್ತು, ಆದರೂ ಕೇಳಿದೆ. "ನೀನೇನ್ ಮಾಡ್ದೆ?"

"ಇನ್ನೇನ್ ಮಾಡ್ಲಿ," ಅಂದಳು ಅತ್ತೆ. "ನೀರ್ ಬುಟ್ಟೆ."